ಡಿಸೆಂಬರ್‌ನಲ್ಲಿ ಸಾಣಾಪುರ ಕೆರೆ ದಂಡೆಯಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಇರಬಹುದಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಕಾರಿನಲ್ಲಿ ಗಂಡ, ಹೆಂಡತಿ, ಏಳು ವರ್ಷದ ಮಗ, ಜೊತೆಗೆ ವಯಸ್ಸಾದ ಅತ್ತೆ ಬರುತ್ತೀರಿ. ಡಿಸೆಂಬರ್‌ನಲ್ಲಿ ಸಾಣಾಪುರ ಕೆರೆ ದಂಡೆಯಲ್ಲೇ ಟೆಂಟ್ ಹಾಕಿ ಎರಡು ರಾತ್ರಿ ಇರಬೇಕು. ಪರ್ಮಿಷನ್ ಬೇಕಾ, ಸೇಫಾ, ಏನೇನು ತರಬೇಕು, ಟೆಂಟ್ ಕೊಳ್ಳೋದಾ ಬಾಡಿಗೆಗೆ ತಗೊಳ್ಳೋದಾ ಅಂತ ಕೇಳಿದ್ದೀರಿ.

ಕೊಪ್ಪಳ ಜಿಲ್ಲೆಯ ಗಂಗಾವತಿ ನನ್ನ ಊರು. ಸಾಣಾಪುರ ನಮಗೆ ಬೈಕಿನಲ್ಲಿ ಸಂಜೆ ಹೋಗಿ ಬರುವಷ್ಟು ಹತ್ತಿರ. ನೇರವಾಗಿ ಹೇಳುತ್ತೇನೆ: ಬನ್ನಿ, ಟೆಂಟ್ ಹಾಕಿ, ಆದರೆ ಕೆರೆ ದಂಡೆಯಲ್ಲಿ ಬೇಡ. ಊರಿಗೆ ಹತ್ತಿರ, ಸುತ್ತ ಬೇಲಿ ಇರುವ, ಮನೆಯವರೂ ಅಲ್ಲೇ ಮಲಗುವ ಯಾವುದಾದರೂ ಹೋಂಸ್ಟೇ ಅಂಗಳದಲ್ಲಿ ಹಾಕಿ. ಕೆರೆಗೆ ಬೆಳಿಗ್ಗೆ ಎದ್ದು ಹೋಗಿ.

ಯಾಕೆ ಅಂದರೆ, ರೀಲ್ಸ್ ನೋಡಿದವರಿಗೆ ಅದು ಬೆಟ್ಟದ ನಡುವಿನ ಹಳೇ ಕೆರೆ ಥರ ಕಾಣುತ್ತದೆ. ಅಸಲಿಗೆ ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಜಾಗ. ಕಾಲುವೆಗೆ ನೀರು ಬಿಟ್ಟರೆ ತುಂಬುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಇಲ್ಲಿ ನಂಬರ್ ಹಾಕಿದ ಟೆಂಟ್ ಜಾಗ, ನಲ್ಲಿ, ಶೌಚಾಲಯ, ರಾತ್ರಿ ಕಾವಲುಗಾರ, ಯಾವುದೂ ಇಲ್ಲ. ದಂಡೆ ಅಂದರೆ ಜಾರುವ ಬಂಡೆ, ಅದರ ಕೆಳಗೆ ಒಮ್ಮೆಲೇ ಆಳ. ಏಳು ವರ್ಷದ ಹುಡುಗ ಬೆಳಗಿನ ಜಾವ ಒಬ್ಬನೇ ಎದ್ದು ಜಿಪ್ ತೆಗೆದು ಹೊರಗೆ ಬಂದರೆ ಅಂತ ಒಮ್ಮೆ ಯೋಚನೆ ಮಾಡಿ.

ನೀರಿನ ಲೆಕ್ಕ ನಿಮ್ಮ ಪ್ಲ್ಯಾನಿಗೂ ಸಂಬಂಧಿಸಿದ್ದು. ತುಂಗಭದ್ರಾ ಡ್ಯಾಮ್ ಕಟ್ಟಿ ಮುಗಿಸಿದ್ದು 1953ರಲ್ಲಿ, 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿ ಹೋಯಿತಲ್ಲ, ಆಮೇಲೆ ಎಷ್ಟು ನೀರು ನಿಲ್ಲಿಸಬೇಕು, ಕಾಲುವೆಗೆ ಎಲ್ಲಿಯವರೆಗೆ ಬಿಡಬೇಕು ಅನ್ನೋದೆಲ್ಲ ಹಿಂದಿನ ಹಾಗೆ ಉಳಿಯಲಿಲ್ಲ. ಪ್ರತಿ ಬೆಳೆಗೆ ಮೊದಲು ನೀರಾವರಿ ಸಲಹಾ ಸಮಿತಿ ಸಭೆ ಸೇರಿ ತಾರೀಖು ಹೇಳುತ್ತದೆ. ನಮ್ಮ ಕಡೆ ಎಲ್ಲರೂ 'ಐಸಿಸಿ ಮೀಟಿಂಗ್' ಅನ್ನುತ್ತಾರೆ, ಕ್ರಿಕೆಟ್ ಅಂತ ತಿಳ್ಕೋಬೇಡಿ. ಆ ಸಭೆಯ ಸುದ್ದಿ ಓದಿಯೇ ರೂಮ್ ಬುಕ್ ಮಾಡಿ. ಎಡದಂಡೆ ಕಾಲುವೆಗೆ ನೀರು ನಿಲ್ಲಿಸಿದ್ದರೆ ಕೆರೆ ಫೋಟೋದಲ್ಲಿದ್ದ ಹಾಗೆ ಇರುವುದಿಲ್ಲ. ಮೇಲಿನ ಬಂಡೆಗಳ ಮೇಲೆ ನೀರು ನಿಂತಿದ್ದ ಬಿಳಿ ಗೆರೆ ಕಾಣುತ್ತದೆ, ಕೆಳಗೆ ಕೆಸರು.

ಇನ್ನು ಸೇಫ್ಟಿ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2025ರ ಫೆಬ್ರುವರಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಸಾಣಾಪುರದ ಹತ್ತಿರ ಬಂಡೆ ಮೇಲಿಂದ ತುಂಗಭದ್ರಾ ಹೊಳೆಗೆ ಹಾರಿ ತೀರಿಕೊಂಡರು. ಮುಂದಿನ ತಿಂಗಳೇ, ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ, ಅವರನ್ನು ಕರೆದುಕೊಂಡು ಹೋಗಿದ್ದ ಹೋಂಸ್ಟೇ ಮಹಿಳೆಯ ಮೇಲೆ ಭೀಕರ ದಾಳಿ ನಡೆಯಿತು. ಕಾಲುವೆಗೆ ತಳ್ಳಿದವರಲ್ಲಿ ಒಬ್ಬರು ಉಳಿಯಲಿಲ್ಲ. ಊರವರಿಗೆ ಅದರಿಂದ ಆದ ನೋವು, ನಾಚಿಕೆ ಎರಡೂ ಇನ್ನೂ ಹೋಗಿಲ್ಲ. ಅದಾದ ಮೇಲೆ ಪೊಲೀಸರು ಗಸ್ತು ಹೆಚ್ಚು ಮಾಡಿದರು. ಕತ್ತಲಾದ ಮೇಲೆ ದಂಡೆಯಲ್ಲಿ ಕೂತವರನ್ನು ಎಬ್ಬಿಸಿ ಕಳಿಸಿದರೆ ಅದಕ್ಕೆ ಬೇಜಾರು ಮಾಡ್ಕೋಬೇಡಿ.

ಈ ಎರಡು ಸುದ್ದಿ ಓದಿ ಬರೋದೇ ಬೇಡ ಅಂತ ತೀರ್ಮಾನ ಮಾಡುವುದೂ ಸರಿಯಲ್ಲ. ಕತ್ತಲಾದ ಮೇಲೆ ದಂಡೆಯಲ್ಲಿ ಕೂರಬಾರದು ಅನ್ನುವುದು ಒಂದು, ಇನ್ನೊಂದು ನೀರಿನ ವಿಷಯ. ಮೇಲಿಂದ ಶಾಂತವಾಗಿ ಕಾಣುವ ಹೊಳೆ ಬಂಡೆಗಳ ಸಂದಿಯಲ್ಲಿ ಎಳೆದುಕೊಂಡು ಹೋಗುತ್ತದೆ. ಕಾಲುವೆ ಅದಕ್ಕಿಂತ ಅಪಾಯ. ಎರಡೂ ಬದಿ ಇಳಿಜಾರಾಗಿ ಕಟ್ಟಿರುವುದರಿಂದ, ಪಾಚಿ ಹಿಡಿದ ಗೋಡೆಯಲ್ಲಿ ಕೈಗೆ ಹಿಡಿತ ಸಿಗುವುದಿಲ್ಲ, ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ಹೊಳೆಯಲ್ಲಿ ಮೊಸಳೆಗಳೂ ಇವೆ. ಹಾಗಾಗಿ ಕೆರೆ, ಕಾಲುವೆ, ಹೊಳೆ ಮೂರರಲ್ಲೂ ಈಜುವ ಮಾತೇ ಬೇಡ, ಮೊಣಕಾಲವರೆಗೂ ಬೇಡ. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಸಿಯೇ ಹತ್ತಿ. ಮಗನ ಅಳತೆಯದ್ದು ಇಲ್ಲ ಅಂದರೆ ಅವನ ಪಾಲಿಗೆ ಹರಿಗೋಲು ಇಲ್ಲ. ನಡುನೀರಿನಲ್ಲಿ ಗಿರಗಿರ ತಿರುಗಿಸುವುದು ಅಂಬಿಗರ ಒಂದು ಖುಷಿ, ಅತ್ತೆಗೆ ತಲೆಸುತ್ತು ಬರುತ್ತದೆ ಅಂತ ಮೊದಲೇ ಹೇಳಿಬಿಡಿ. ಜಿಲ್ಲಾಡಳಿತ ಆಗಾಗ ಹರಿಗೋಲು ನಿಲ್ಲಿಸುತ್ತದೆ, ಅದನ್ನೇ ನಂಬಿಕೊಂಡು ಬರಬೇಡಿ.

ಪರ್ಮಿಷನ್ ಬಗ್ಗೆ: ಆನೆಗೊಂದಿ, ಸಾಣಾಪುರ ಸುತ್ತಮುತ್ತ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. ಏನು ಕಟ್ಟಬಹುದು, ಎಲ್ಲಿ ಕಟ್ಟಬಾರದು ಅನ್ನುವ ಜಗಳ ಇಲ್ಲಿ ಹಳೆಯದು. ಹಂಪಿ ಎದುರು ಹೊಳೆ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಕೆಡವಿದರು. ಅಲ್ಲಿದ್ದ ಗಿರಾಕಿಗಳೆಲ್ಲ ಈ ಕಡೆ ಬಂದರು, ಗದ್ದೆ ಬದಿಯಲ್ಲಿ ಗುಡಿಸಲುಗಳು ಎದ್ದವು. ಎಲ್ಲದಕ್ಕೂ ಕಾಗದ ಇದೆ ಅಂತ ಹೇಳಲಾರೆ. ಹಣ ಕಳಿಸುವ ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ: ಹೋಂಸ್ಟೇಗೆ ಪರವಾನಗಿ ಇದೆಯಾ, ನಮ್ಮ ಟೆಂಟ್ ನಿಮ್ಮ ಅಂಗಳದಲ್ಲಿ ಹಾಕಲು ಬಿಡುತ್ತೀರಾ, ರಾತ್ರಿ ಮನೆಯವರು ಅಲ್ಲೇ ಇರುತ್ತಾರಾ. ಮೂರನೆಯದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ. ಅತ್ತೆಗೆ ಒಂದು ರೂಮ್ ತಗೊಳ್ಳಿ. ಅವರು ಬೇಡ ಅಂದರೂ ತಗೊಳ್ಳಿ. ರಾತ್ರಿ ಎದ್ದು ಟಾಯ್ಲೆಟ್‌ಗೆ ಟಾರ್ಚ್ ಹಿಡಿದು ಹುಡುಕುವ ತಾಪತ್ರಯ ತಪ್ಪುತ್ತದೆ, ನಿಮಗೂ ಒಂದು ಬಾತ್‌ರೂಮ್ ಸಿಕ್ಕಂತಾಯಿತು.

ಈಗ ಟೆಂಟ್. ಇಲ್ಲಿ ಬಂದವರು ಪರದಾಡುವುದು ಗೂಟ ಹೊಡೆಯುವಾಗ. ಮಣ್ಣು ನಾಲ್ಕು ಬೆರಳು, ಕೆಳಗೆ ಬಂಡೆ. ಟೆಂಟ್ ಜೊತೆ ಬರುವ ಅಲ್ಯೂಮಿನಿಯಂ ಗೂಟ ಎರಡೇಟಿಗೆ ಬಾಗುತ್ತದೆ. ಅದಕ್ಕೆ ಗೂಟ ಇಲ್ಲದೆಯೂ ನಿಲ್ಲುವ ಗುಮ್ಮಟದ ಥರದ ಟೆಂಟ್ ತನ್ನಿ, ಕಲ್ಲಿಗೆ ಕಟ್ಟಿ. ಕಟ್ಟುವುದಕ್ಕೆ ಒಂದು ಪದ್ಧತಿ ಇದೆ. ಹಗ್ಗವನ್ನು ದೊಡ್ಡ ಕಲ್ಲಿಗೇ ಸುತ್ತಿದರೆ ರಾತ್ರಿ ಜಾರುತ್ತದೆ. ಬದಲಿಗೆ ಹಗ್ಗದ ತುದಿಯನ್ನು ಮುಷ್ಟಿ ಗಾತ್ರದ ಕಲ್ಲಿಗೆ ಬಿಗಿಯಿರಿ. ಆ ಸಣ್ಣ ಕಲ್ಲನ್ನು ಟೆಂಟಿನಿಂದ ಆಚೆಗೆ ಇಟ್ಟು, ಅದಕ್ಕೂ ಟೆಂಟಿಗೂ ನಡುವೆ ಎರಡು ಕೈಯಲ್ಲಿ ಎತ್ತುವಷ್ಟು ದೊಡ್ಡ ಕಲ್ಲನ್ನು ಹಗ್ಗದ ಮೇಲೆ ಕೂರಿಸಿ. ಗಾಳಿ ಎಳೆದಷ್ಟೂ ಸಣ್ಣ ಕಲ್ಲು ದೊಡ್ಡದಕ್ಕೆ ಒತ್ತಿಕೊಂಡು ಬಿಗಿಯಾಗುತ್ತದೆ. ನಮ್ಮ ಬಂಡೆಗಳ ಮೈ ಉಪ್ಪುಕಾಗದದ ಹಾಗೆ, ತೆಳು ಹಗ್ಗವನ್ನು ಬೆಳಗಾಗುವುದರೊಳಗೆ ಎಳೆ ಎಳೆ ಮಾಡುತ್ತದೆ. ಹಗ್ಗ ಕಲ್ಲಿಗೆ ತಾಗುವ ಕಡೆ ಹಳೇ ಬಟ್ಟೆ ಚೂರು ಸುತ್ತಿ. ಕೆಳಗೆ ಹಾಸಲು ದಪ್ಪ ತಾಡಪತ್ರಿ ಬೇಕೇ ಬೇಕು. ಕಲ್ಲು ಎತ್ತುವಾಗ ಮೊದಲು ಕೋಲಿನಿಂದ ಉರುಳಿಸಿ ನೋಡಿ, ಅಡಿಯಲ್ಲಿ ಚೇಳು ಇರುತ್ತದೆ. ಬೆಳಿಗ್ಗೆ ಶೂ ಕೊಡವಿಯೇ ಹಾಕಿಕೊಳ್ಳಿ. ಕೋಟೆ ಗೋಡೆ, ಮಂಟಪದ ಕಲ್ಲು ಬಿದ್ದಿದ್ದರೂ ಮುಟ್ಟಬೇಡಿ, ಅದು ಅಪರಾಧ.

ಚಳಿ ಅಷ್ಟೇನಿಲ್ಲ. ಹಗಲು ಬಿಸಿಲೇ. ರಾತ್ರಿ 15 ಡಿಗ್ರಿ ಆಸುಪಾಸು, ಒಂದೊಂದು ಕಂಬಳಿ ಸಾಕು. ಬೆಳಗಿನ ಇಬ್ಬನಿಗೆ ಟೆಂಟ್ ಒದ್ದೆಯಾಗುತ್ತದೆ, ಬಿಸಿಲಿಗೆ ಒಣಗಿಸಿಯೇ ಮಡಚಿ.

ಚಳಿಗಿಂತ ಜಾಸ್ತಿ ಕಾಡುವುದು ಹುಳ. ಇದು ಭತ್ತದ ನಾಡು. ಕೊಯ್ಲಿನ ಹೊತ್ತಿಗೆ ಜಿಗಿಹುಳು ಗದ್ದೆ ಬಿಟ್ಟು ದೀಪಕ್ಕೆ ಮುತ್ತುತ್ತವೆ. ಗಂಗಾವತಿಯಲ್ಲಿ ಆ ದಿನಗಳಲ್ಲಿ ಅಂಗಡಿಯವರು ಸಂಜೆ ಮುಂದಿನ ಲೈಟೇ ಆರಿಸುತ್ತಾರೆ. ಊಟ ಬೆಳಕಿರುವಾಗಲೇ ಮುಗಿಸಿ, ಅಥವಾ ದೀಪವನ್ನು ತಟ್ಟೆಯಿಂದ ದೂರ, ಎತ್ತರದಲ್ಲಿ ಕಟ್ಟಿ. ಸೊಳ್ಳೆ ಬತ್ತಿಯನ್ನು ಟೆಂಟ್ ಒಳಗೆ ಹಚ್ಚಬೇಡಿ. ಅಂಗಳದಲ್ಲಿ ಬೆಂಕಿ ಹಾಕುವ ಆಸೆ ಇದ್ದರೆ ಮನೆಯವರನ್ನು ಕೇಳಿ, ಹತ್ತಿರ ಹುಲ್ಲಿನ ಬಣವಿ ಇದ್ದರೆ ಕೇಳುವುದೂ ಬೇಡ. ರೈತರಿಗೆ ಅದು ವರ್ಷದ ಮೇವು.

ಕುಡಿಯುವ ನೀರು ಗಂಗಾವತಿಯಿಂದಲೋ ಹೊಸಪೇಟೆಯಿಂದಲೋ 20 ಲೀಟರ್ ಕ್ಯಾನ್ ತನ್ನಿ. ಕೊಪ್ಪಳ ಜಿಲ್ಲೆಯ ಬಹಳ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕೆರೆ ನೀರನ್ನು ಕುದಿಸಿದರೂ ಗದ್ದೆಗೆ ಹೊಡೆದ ಔಷಧಿ ಹೋಗುವುದಿಲ್ಲ. ತಿಂಡಿ ಚೀಲವನ್ನು ಟೆಂಟಿನಲ್ಲಿ ಬಿಟ್ಟು ಹೋಗಬೇಡಿ. ಮಂಗಗಳಿಗೆ ಜಿಪ್ ತೆಗೆಯುವ ತಾಳ್ಮೆ ಇಲ್ಲ, ಹರಿದೇ ಒಳಗೆ ಹೋಗುತ್ತವೆ. ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಕತ್ತಲಲ್ಲಿ ಬಂಡೆ ಹತ್ತುವುದು, ಗುಡ್ಡದ ದಾರಿಯಲ್ಲಿ ಅಡ್ಡಾಡುವುದು ಬೇಡ ಅನ್ನುವುದಕ್ಕೆ ಅದೂ ಒಂದು ಕಾರಣ.

ತಾರೀಖು ಆರಿಸುವಾಗ ಕ್ಯಾಲೆಂಡರ್ ನೋಡಿ. ಮಾರ್ಗಶಿರದ ಹನುಮದ್ ವ್ರತಕ್ಕೆ ಹನುಮಮಾಲೆ ಹಾಕಿದವರು ಇಲ್ಲೇ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ ಸಾಗರದ ಹಾಗೆ ಬರುತ್ತಾರೆ. ಅದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲೇ ಬೀಳುತ್ತದೆ. ಆ ಎರಡು ಮೂರು ದಿನ ರಸ್ತೆ ತಿರುಗಿಸುತ್ತಾರೆ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಭಕ್ತಿಯಿಂದ ಬರುವವರಿಗೆ ಅದೇ ದಿನ ಚಂದ, ಟೆಂಟ್‌ನವರಿಗೆ ಅಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹೋಂಸ್ಟೇ ರೇಟು ಏರುತ್ತದೆ, ಸ್ಪೀಕರ್ ಸದ್ದೂ ಏರುತ್ತದೆ. ಡಿಸೆಂಬರ್ ನಡುವಿನ ವಾರ, ಅದರಲ್ಲೂ ಸೋಮವಾರದಿಂದ ಗುರುವಾರದೊಳಗೆ, ನನ್ನ ಪ್ರಕಾರ ಅತಿ ಒಳ್ಳೆಯದು. ಮಂಗಳವಾರ, ಶುಕ್ರವಾರ ಹುಲಿಗೆಮ್ಮನ ದರ್ಶನಕ್ಕೆ ಜನ ಜಾಸ್ತಿ. ನೀವು ಹುಲಿಗಿ ದಾರಿಯಲ್ಲಿ ಬರುವವರಾದರೆ ಅದನ್ನೂ ಲೆಕ್ಕ ಹಾಕಿ.

ದಾರಿ ಸುಲಭ. ತುಮಕೂರು, ಚಿತ್ರದುರ್ಗದವರೆಗೆ ಹೆದ್ದಾರಿ 48, ಅಲ್ಲಿಂದ ಹೊಸಪೇಟೆಗೆ 50. ಹೊಸಪೇಟೆ ದಾಟಿ ಮುನಿರಾಬಾದ್, ಹುಲಿಗಿ ಮೇಲೆ ಸಾಣಾಪುರಕ್ಕೆ ಬರಬಹುದು. ಇಲ್ಲವೇ ಬುಕ್ಕಸಾಗರ–ಕಡೇಬಾಗಿಲು ಸೇತುವೆ ದಾಟಿ ಆನೆಗೊಂದಿ ಮೇಲೆ. ಮಧ್ಯೆ ಊಟಕ್ಕೆ ನಿಂತು ಬಂದರೆ ಇಡೀ ಹಗಲು ಬೇಕು. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ನಾಲ್ಕರೊಳಗೆ ತಲುಪುವ ಹಾಗೆ ಹೊರಡಿ, ಕಲ್ಲು ಕಟ್ಟುವ ಕೆಲಸಕ್ಕೆ ಬೆಳಕು ಬೇಕು.

ಎರಡು ರಾತ್ರಿ ಇದ್ದರೆ ನಡುವಿನ ಒಂದು ದಿನ ಪೂರ್ತಿ ನಿಮ್ಮದು. ಆರೂವರೆಗೆ ಕೆರೆ ಹತ್ತಿರ ಇರಿ, ಸೂರ್ಯ ಹುಟ್ಟುವ ಹೊತ್ತು ಅದು. ಆಗ ನೀರು ಅಲುಗಾಡುವುದಿಲ್ಲ, ಬೆಳ್ಳಕ್ಕಿ, ನೀರುಕಾಗೆ ಕಾಣುತ್ತವೆ. ಒಂಬತ್ತರ ಹೊತ್ತಿಗೆ ಬಿಸಿಲು ಏರುತ್ತದೆ, ಎದ್ದುಬಿಡಿ. ಅಂಜನಾದ್ರಿಗೆ 575 ಮೆಟ್ಟಿಲು. ಮಗ ಓಡುತ್ತಾ ಹತ್ತುತ್ತಾನೆ, ಅತ್ತೆಯನ್ನು ಪಂಪಾ ಸರೋವರದಲ್ಲಿ ಕೂರಿಸಿ, ಅಲ್ಲಿ ಲಕ್ಷ್ಮೀ ಗುಡಿ ಇದೆ, ನೆರಳಿದೆ. ಸಂಜೆಗೆ ಆನೆಗೊಂದಿಯ ಹಳೇ ಅಗಸೆ ಬಾಗಿಲು, ಬೀದಿ. ಇನ್ನೂ ಕಾಲು ಗಟ್ಟಿ ಇದ್ದರೆ ಗಂಗಾವತಿ ಆಚೆಯ ಹಿರೇಬೆಣಕಲ್. ಬೃಹತ್ ಶಿಲಾಯುಗದ, ಕಲ್ಲಿನ ಮನೆಗಳಂತೆ ಕಾಣುವ ಸಮಾಧಿಗಳು ಗುಡ್ಡದ ತುಂಬ ಇವೆ, ಜನ ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಹತ್ತುವುದು ಕಷ್ಟ, ನೆರಳಿಲ್ಲ, ಏಳು ವರ್ಷದವನನ್ನು ಹೊತ್ತು ಇಳಿಯಬೇಕಾಗಬಹುದು. ಹಂಪಿಯನ್ನು ಇದೇ ಎರಡು ದಿನದಲ್ಲಿ ತುರುಕಬೇಡಿ, ಹೊಳೆ ಆಚೆ ಅದಕ್ಕೆ ಬೇರೆ ದಿನ ಬೇಕು.

ಊಟಕ್ಕೆ ಹೋಂಸ್ಟೇಯಲ್ಲಿ ಮೊದಲೇ ಹೇಳಿದರೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿಕೊಡುತ್ತಾರೆ. ಹೇಳದಿದ್ದರೆ ಪಾಸ್ತಾ, ಪ್ಯಾನ್‌ಕೇಕ್ ಬರುತ್ತದೆ, ಅದನ್ನು ತಿನ್ನಲು ಬೆಂಗಳೂರು ಬಿಟ್ಟು ಬರಬೇಕಾ? ಮಗನಿಗೆ ಖಾರ ಕಡಿಮೆ ಅಂತ ಎರಡು ಸಲ ಹೇಳಿ. ನಮ್ಮ 'ಕಡಿಮೆ ಖಾರ' ನಿಮ್ಮ ಜಾಸ್ತಿ ಖಾರ.

ಕೊನೆಗೆ ಟೆಂಟ್ ಕೊಳ್ಳಬೇಕಾ ಅಂತ ಕೇಳಿದ್ದಿರಿ. ಮೊದಲ ಸಲ ಅಂದರೆ ಬೆಂಗಳೂರಿನಲ್ಲೇ ಬಾಡಿಗೆಗೆ ತಗೊಳ್ಳಿ, ನಾಲ್ವರ ಟೆಂಟ್ ಅಂತ ಬರೆದಿದ್ದು ಮೂವರಿಗೆ ಸರಿಹೋಗುತ್ತದೆ. ಬರುವ ಹಿಂದಿನ ಭಾನುವಾರ ತಾರಸಿ ಮೇಲೆ ಒಮ್ಮೆ ನಿಲ್ಲಿಸಿ ನೋಡಿ. ತಾರಸಿಯಲ್ಲೂ ಗೂಟ ಇಳಿಯುವುದಿಲ್ಲ, ಇಲ್ಲಿಯ ಬಂಡೆಗೆ ಅಲ್ಲೇ ಪ್ರಾಕ್ಟೀಸ್ ಆಗುತ್ತದೆ. ತಾರೀಖು ಗೊತ್ತಾದರೆ ಕಾಮೆಂಟಿನಲ್ಲಿ ಹಾಕಿ, ಆ ವಾರ ಕಾಲುವೆಯಲ್ಲಿ ನೀರು ಇದೆಯಾ ಇಲ್ವಾ ನೋಡಿ ತಿಳಿಸುತ್ತೇನೆ.