ಕಡಲತೀರದ ರಜೆ: ಮೊದಲು ಉಬ್ಬರ ಇಳಿತದ ಹೊತ್ತು ನೋಡಿ

ಪ್ರಶ್ನೆ: ಮೂರು ದಿನದ ರಜೆಗೆ ಕಡಲತೀರಕ್ಕೆ ಹೋಗಿದ್ದೆವು. ಫೋಟೊಗಳಲ್ಲಿ ಕಂಡ ಅಗಲವಾದ ಮರಳು, ಬಂಡೆಗಳ ನಡುವಿನ ಗುಹೆ ಯಾವುದೂ ಸಿಗಲಿಲ್ಲ, ಎಲ್ಲಿ ನೋಡಿದರೂ ನೀರೇ. ಮುಂದಿನ ಸಲ ಯಾವ ಜಾಗವನ್ನು ಯಾವ ಹೊತ್ತಿನಲ್ಲಿ ನೋಡಬೇಕೆಂದು ತಿಳಿಯುವುದು ಹೇಗೆ?

ಉತ್ತರ: ಜಾಗ ಸರಿಯಾಗಿಯೇ ಇತ್ತು, ಹೊತ್ತು ತಪ್ಪಿತ್ತು. ನೀವು ಹೋದಾಗ ಉಬ್ಬರವಿದ್ದಿರಬೇಕು. ಆರು ಗಂಟೆ ಬಿಟ್ಟು ಹೋಗಿದ್ದರೆ ಅದೇ ಮರಳು, ಅದೇ ಗುಹೆ ಕಾಣುತ್ತಿದ್ದವು. ನೋಡುವ ಜಾಗಗಳ ಪಟ್ಟಿ ಮಾಡುವ ಮೊದಲೇ ಹತ್ತಿರದ ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ ತೆಗೆದು ನೋಡಿ. ಉಳಿದದ್ದೆಲ್ಲ ಅದರ ಸುತ್ತ ಹೊಂದಿಕೊಳ್ಳಲಿ.

ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರ ಆಕಾಶದಲ್ಲಿ ಅದೇ ನೆತ್ತಿಗೆ ಮರಳಲು ಸುಮಾರು 24 ಗಂಟೆ 50 ನಿಮಿಷ ಹಿಡಿಯುವುದರಿಂದ ಹೊತ್ತು ದಿನದಿನಕ್ಕೆ ಜಾರುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ಪೂರ್ಣ ಇಳಿತವಿದ್ದರೆ ನಾಳೆ 7.50ರ ಸುಮಾರಿಗೆ, ನಾಡಿದ್ದು 8.40ರ ಸುಮಾರಿಗೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ನೀರು ಹೆಚ್ಚು ಮೇಲೇರಿ ಹೆಚ್ಚು ಕೆಳಗಿಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಗುಹೆ, ಬಂಡೆಗುಂಡಿ, ನೀರಿಳಿದಾಗ ಮಾತ್ರ ನಡೆದು ಹೋಗಬಹುದಾದ ನಡುಗಡ್ಡೆ ನೋಡುವ ಆಸೆಯಿದ್ದರೆ ಹುಣ್ಣಿಮೆ, ಅಮಾವಾಸ್ಯೆ ಕಳೆದ ಆ ದಿನಗಳನ್ನು ಆರಿಸಿ. ದೋಣಿ ವಿಹಾರ, ಸಣ್ಣ ಮಕ್ಕಳ ನೀರಾಟ ಮುಖ್ಯವಾದರೆ ಅಷ್ಟಮಿಯ ದಿನಗಳೇ ಹಿತ.

ಎಚ್ಚರಿಕೆ ಬೇಕಾದದ್ದು ನೀರು ಏರುವ ವೇಗದಲ್ಲಿ. ಅದು ಒಂದೇ ಸಮನೆ ಏರುವುದಿಲ್ಲ. ಇಳಿತಕ್ಕೂ ಉಬ್ಬರಕ್ಕೂ 3 ಮೀಟರ್ ಅಂತರವಿದೆ ಎಂದುಕೊಳ್ಳಿ. ಮೊದಲ ಗಂಟೆಯಲ್ಲಿ ನೀರು ಸುಮಾರು 25 ಸೆಂಟಿಮೀಟರ್ ಏರುತ್ತದೆ, ಎರಡನೆಯದರಲ್ಲಿ 50, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 75, ಆಮೇಲೆ 50, ಕೊನೆಗೆ 25. ಮೊದಲ ಗಂಟೆಯ ನಿಧಾನ ನೋಡಿ "ಇನ್ನೂ ಹೊತ್ತಿದೆ" ಎಂದು ಗುಹೆಯಲ್ಲೇ ಕುಳಿತವರು ಮೂರನೆಯ ಗಂಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ತಲೆಯ ಮೇಲೆ ಕಡಿದಾದ ಬಂಡೆ, ಎರಡೂ ಬದಿಗೆ ನೀರು ಇರುವಂಥ ಕಡೆಗಳಲ್ಲಿ ಪೂರ್ಣ ಇಳಿತದ ಹೊತ್ತಿಗೇ ಹಿಂದಿರುಗಲು ಶುರು ಮಾಡಿ.

ವೇಳಾಪಟ್ಟಿ ಓದುವಾಗ ಆಗುವ ತಪ್ಪುಗಳೂ ಇವೆ. ಅದರಲ್ಲಿರುವ 0.4 ಮೀಟರ್ ಎಂಬ ಅಂಕಿ ನೀವು ನಿಂತ ಜಾಗದ ಆಳವಲ್ಲ, ಆ ಬಂದರಿನ ನಕ್ಷೆಯ ಶೂನ್ಯ ಮಟ್ಟದಿಂದ ಅಳೆದ ಎತ್ತರ. ಅಳಿವೆಯ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ಬರುತ್ತದೆ. ದಡದತ್ತ ಜೋರು ಗಾಳಿ ಬೀಸುತ್ತಿದ್ದರೆ, ವಾಯುಭಾರ ಕುಸಿದಿದ್ದರೆ ನೀರು ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಮೇಲೇರುತ್ತದೆ. ಊರಿಂದೂರಿಗೂ ಲೆಕ್ಕ ಬೇರೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಏರಿಳಿತ 16 ಮೀಟರ್ ಮುಟ್ಟುತ್ತದೆ, ಮೆಡಿಟರೇನಿಯನ್ ಸಮುದ್ರದ ಹೆಚ್ಚಿನ ಭಾಗದಲ್ಲಿ ಅರ್ಧ ಮೀಟರ್ ಕೂಡ ಇರುವುದಿಲ್ಲ.

ಪ್ರಶ್ನೆ: ಬಂಡೆಗಳ ನಡುವಿನ ನೀರುಗುಂಡಿಗಳಲ್ಲಿ ನಕ್ಷತ್ರಮೀನು, ಏಡಿ ಕಾಣುತ್ತವೆ ಎನ್ನುತ್ತಾರೆ. ಮಕ್ಕಳೊಂದಿಗೆ ಹೋದರೆ ಏನೇನು ನೋಡಬಹುದು, ಏನು ಮುಟ್ಟಬಾರದು?

ಉತ್ತರ: ಕಡಲತೀರದಲ್ಲಿ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಪೂರ್ಣ ಇಳಿತಕ್ಕೆ ಒಂದು ಗಂಟೆ ಮೊದಲು ಅಲ್ಲಿರಿ. ಇಳಿಯುವ ನೀರನ್ನು ಹಿಂಬಾಲಿಸುತ್ತ ಕೆಳಗೆ ಹೋಗಿ, ನೀರು ತಿರುಗಿದ ಕೂಡಲೇ ಮೇಲಕ್ಕೆ ಬನ್ನಿ.

ಬಂಡೆಯ ಮೇಲೆ ಜೀವಿಗಳು ಪಟ್ಟಿಪಟ್ಟಿಯಾಗಿ ನೆಲೆಸಿರುವುದನ್ನು ಮಕ್ಕಳಿಗೆ ಮೊದಲು ತೋರಿಸಿ. ತುಂಬ ಹೊತ್ತು ಒಣಗಿಯೂ ಬದುಕಬಲ್ಲ ಸಣ್ಣ ಬಸವನಹುಳುಗಳು, ಬಂಡೆಗೆ ಗಟ್ಟಿಯಾಗಿ ಅಂಟಿದ ಬಿಳಿಯ ಚಿಪ್ಪುಜೀವಿಗಳಾದ ಬಾರ್ನಕಲ್‌ಗಳು ಮೇಲಿನ ಪಟ್ಟಿಯಲ್ಲಿರುತ್ತವೆ. ಕಪ್ಪು ಚಿಪ್ಪಿನ ಮಸಲ್‌ಗಳದ್ದು ನಡುವಿನ ಪಟ್ಟಿ. ನಕ್ಷತ್ರಮೀನು, ಹೂವಿನಂತೆ ಕಾಣುವ ಸೀ ಅನಿಮೋನ್, ಸೌತೆಕಾಯಿಯಂಥ ಮೈಯ ಕಡಲಸೌತೆ ಒಣಗುವುದನ್ನು ತಾಳಲಾರವು, ಹಾಗಾಗಿ ಕೆಳಗಿನ ಪಟ್ಟಿಯಲ್ಲೋ ಗುಂಡಿಯೊಳಗೋ ಉಳಿದುಕೊಳ್ಳುತ್ತವೆ. ಗುಂಡಿಯ ಪಕ್ಕ ನೆರಳು ಬೀಳದಂತೆ ಕುಳಿತು ಎರಡು ನಿಮಿಷ ಅಲುಗಾಡದಿರಿ. ನಿಮ್ಮನ್ನು ಕಂಡು ಅಡಗಿದ ಸೀಗಡಿ, ಏಡಿಗಳು ಆಗ ಹೊರಬರುತ್ತವೆ. ಪೋಲರೈಸ್ಡ್ ಕನ್ನಡಕ ನೀರಿನ ಮೇಲಿನ ಹೊಳಪನ್ನು ಕಡಿಮೆ ಮಾಡುತ್ತದೆ, ತಳ ಚೆನ್ನಾಗಿ ಕಾಣುತ್ತದೆ.

ಕಲ್ಲನ್ನು ಮಗುಚಿ ನೋಡಿದರೆ ಮೊದಲಿದ್ದಂತೆಯೇ ಮೆಲ್ಲಗೆ ಇಡಿ. ಕಲ್ಲಿನಡಿ ಅಂಟಿಕೊಂಡ ಜೀವಿಗಳು ಬಿಸಿಲಿಗೆ ತೆರೆದುಕೊಂಡರೆ ಆ ಒಂದು ಇಳಿತದಲ್ಲೇ ಸಾಯಬಹುದು. ಬಕೆಟ್ಟಿನಲ್ಲಿ ತುಂಬಿಟ್ಟ ನೀರು ಬೇಗ ಬಿಸಿಯೇರಿ ಆಮ್ಲಜನಕ ಕಳೆದುಕೊಳ್ಳುತ್ತದೆ, ಆದ್ದರಿಂದ ಸೆರೆಹಿಡಿಯುವ ಆಟ ಬೇಡ. ಖಾಲಿ ಶಂಖವೆಂದು ಮನೆಗೆ ತರುವುದೂ ಬೇಡ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬೆಳೆದಂತೆಲ್ಲ ದೊಡ್ಡ ಶಂಖ ಹುಡುಕಿ ಮನೆ ಬದಲಿಸುತ್ತದೆ. ಉಷ್ಣವಲಯದ ಕಡಲುಗಳಲ್ಲಂತೂ ಶಂಕುವಿನಾಕಾರದ, ಚಿತ್ತಾರವಿರುವ ಶಂಖವನ್ನು ಕೈಯಿಂದ ಎತ್ತಲೇಬಾರದು. ಅದು ಕೋನ್ ಶಂಖವಾಗಿರಬಹುದು. ಒಳಗಿನ ಹುಳು ಈಟಿಯಂಥ ಹಲ್ಲಿನಿಂದ ಚುಚ್ಚುತ್ತದೆ. ಕೆಲವು ಜಾತಿಗಳ ವಿಷ ಮನುಷ್ಯರನ್ನು ಕೊಲ್ಲಬಲ್ಲದು.

ಕಾಲಿಗೆ ಹಿಡಿತವಿರುವ ರಬ್ಬರ್ ಅಟ್ಟೆಯ ಮುಚ್ಚಿದ ಪಾದರಕ್ಷೆ ಬೇಕು, ಹವಾಯಿ ಚಪ್ಪಲಿ ಸಾಲದು. ಕಪ್ಪು ಅಥವಾ ಹಸಿರು ಪಾಚಿ ಮಿನುಗುವ ಕಡೆ ಹೆಜ್ಜೆ ಇಡಬೇಡಿ. ಬಂಡೆಗೆ ಇಳಿಯುವ ಮೊದಲು 15–20 ನಿಮಿಷ ಅಲೆಗಳನ್ನು ನೋಡುತ್ತ ನಿಲ್ಲಿ. ದೊಡ್ಡ ಅಲೆಗಳು ಬಿಡುವು ಕೊಟ್ಟು ಗುಂಪಾಗಿ ಬರುತ್ತವೆ, ಐದು ನಿಮಿಷದ ಶಾಂತಿಯನ್ನು ನಂಬಲಾಗದು. ಒದ್ದೆಯಾದ ಬಂಡೆ ಎಂದರೆ ಅಲೆ ಅಲ್ಲಿಯವರೆಗೆ ಬಂದಿದೆ ಎಂದರ್ಥ. ಫೋಟೊ ತೆಗೆಸಿಕೊಳ್ಳುವಾಗಲೂ ಕಡಲಿಗೆ ಬೆನ್ನು ಹಾಕಬೇಡಿ.

ಪ್ರಶ್ನೆ: ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿದ್ದರೆ ಈಜಲು ಅದೇ ಸುರಕ್ಷಿತ ಜಾಗವಲ್ಲವೇ?

ಉತ್ತರ: ಅಲ್ಲ, ಅದೇ ಎಲ್ಲಕ್ಕಿಂತ ಅಪಾಯದ ಜಾಗ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ದಾರಿ ಮಾಡಿಕೊಂಡು ಮರಳಿ ಹೋಗಬೇಕಲ್ಲ? ಮರಳುದಿಬ್ಬಗಳ ನಡುವೆ ಆಳವಾದ ಕಾಲುವೆ ಸಿಕ್ಕರೆ ಅಲ್ಲಿಂದ ರಭಸವಾಗಿ ಹೊರಗೆ ಹರಿಯುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತದೆ. ಸುತ್ತಲಿಗಿಂತ ಗಾಢ ಬಣ್ಣ, ಕದಡಿದ ಮರಳು, ಕಡಲಿನತ್ತ ಸಾಗುವ ನೊರೆ, ಕಸ ಇವು ಗುರುತುಗಳು. ಎತ್ತರದ ಜಾಗದಿಂದ ನೋಡಿದರೆ ಸುಲಭವಾಗಿ ಕಾಣುತ್ತವೆ.

ಈ ಸೆಳವು ಸೆಕೆಂಡಿಗೆ 2 ಮೀಟರ್ ದಾಟಬಹುದು. ಅದಕ್ಕೆ ಎದುರಾಗಿ ಒಳ್ಳೆಯ ಈಜುಗಾರರೂ ಗೆಲ್ಲಲಾರರು. ಆದರೆ ಅದು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೆ. ಜನ ಮುಳುಗುವುದು ದಡದತ್ತ ನೇರವಾಗಿ ಈಜಿ ಸುಸ್ತಾದಾಗ. ಸಿಕ್ಕಿಕೊಂಡರೆ ಅಂಗಾತ ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಒಂದು ಕೈ ಎತ್ತಿ ಕರೆಯಿರಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುತ್ತಿರುವ ಕಡೆಗೆ ಈಜಿ. ಅಲ್ಲಿಂದ ಅಲೆಗಳೇ ದಡಕ್ಕೆ ತಳ್ಳುತ್ತವೆ. ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ಜೀವರಕ್ಷಕರನ್ನು ಕೂಗಿ, ತೇಲುವ ವಸ್ತು ಎಸೆಯಿರಿ. ಕಾಪಾಡಲೆಂದು ಬರಿಗೈಯಲ್ಲಿ ಇಳಿದವರೂ ಮುಳುಗಿದ್ದಾರೆ. ಜೀವರಕ್ಷಕರಿರುವ ತೀರಗಳಲ್ಲಿ ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಮಾತ್ರ ಈಜಿ. ಎರಡು ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವಂತೆಯೇ ಇಲ್ಲ.

ಪ್ರಶ್ನೆ: ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುವುದನ್ನು ನೋಡಬೇಕು. ಯಾವಾಗ ಹೋಗಬೇಕು, ಫೋಟೊ ಹೇಗೆ ತೆಗೆಯಬೇಕು?

ಉತ್ತರ: ಅಮಾವಾಸ್ಯೆಯ ಆಸುಪಾಸಿನ ಕತ್ತಲ ರಾತ್ರಿ, ಬೀದಿದೀಪವಿಲ್ಲದ ತೀರ. ಹೊಳೆಯುವುದು ನಾಕ್ಟಿಲ್ಯೂಕಾದಂಥ ಏಕಕೋಶ ಜೀವಿಗಳು. ನೀರು ಕಲಕಿದಾಗ ಬೆಳಕು ಚಿಮ್ಮಿಸುತ್ತವೆ. ಇಂಥ ದಿನ ಬಂದೇ ಬರುತ್ತವೆ ಎನ್ನಲಾಗದು, ಆದ್ದರಿಂದ ಇದೊಂದಕ್ಕಾಗಿಯೇ ರಜೆ ಹಾಕಬೇಡಿ. ಹಗಲಿನಲ್ಲಿ ನೀರು ಕೆಂಪಾಗಿ ಕಂಡರೆ ರಾತ್ರಿ ಹೊಳೆಯುವ ಸಾಧ್ಯತೆಯಿದೆ. ಆದರೆ ಹಾಗೆ ಬಣ್ಣಗಟ್ಟಿದ ನೀರಿಗೆ ಇಳಿಯಬೇಡಿ, ಚರ್ಮ ಉರಿಯಬಹುದು, ಕೆಲವು ಜಾತಿಗಳು ವಿಷಕಾರಿ.

ಕಣ್ಣು ಕತ್ತಲೆಗೆ ಹೊಂದಲು 20 ನಿಮಿಷ ಬೇಕು. ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ರಿಂದ 3200, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2.8ರ ಸುಮಾರು, ಶಟರ್ ತೆರೆದಿರುವುದು 10–20 ಸೆಕೆಂಡ್. ಫೋಕಸ್ ಕೈಯಿಂದಲೇ ಮಾಡಿ, ಕತ್ತಲಲ್ಲಿ ಆಟೋಫೋಕಸ್ ಸೋಲುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದು ಕಡಿಮೆ, ಹಾಗಾಗಿ ಫೋಟೊದ ಗಾಢ ನೀಲಿ ಬರಿಗಣ್ಣಿಗೆ ಮಸುಕು ಬೂದುನೀಲಿಯಾಗಿ ಕಾಣಬಹುದು. ಅದು ನಿಮ್ಮ ಕಣ್ಣಿನ ದೋಷವಲ್ಲ.

ಪ್ರಶ್ನೆ: ದೀಪಸ್ತಂಭ ಹತ್ತುವುದರಿಂದ ನಿಜಕ್ಕೂ ಹೆಚ್ಚು ದೂರ ಕಾಣುತ್ತದೆಯೇ?

ಉತ್ತರ: ಖಂಡಿತ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.6ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನೀರಂಚಿನಲ್ಲಿ ನಿಂತವರಿಗೆ ಸುಮಾರು 4.5 ಕಿ.ಮೀ., 30 ಮೀಟರ್ ಎತ್ತರದಿಂದ ಸುಮಾರು 20 ಕಿ.ಮೀ. ಸೂರ್ಯಾಸ್ತಕ್ಕೆ ಹತ್ತುವುದಾದರೆ ಕೊನೆಯ ಪ್ರವೇಶದ ಹೊತ್ತನ್ನು ಮೊದಲೇ ವಿಚಾರಿಸಿ. ಪೂರ್ವ ಕರಾವಳಿಯಲ್ಲಿ ಸೂರ್ಯ ಕಡಲಿನಲ್ಲಿ ಮುಳುಗುವುದಿಲ್ಲ. ಅಲ್ಲಿ ಹುಣ್ಣಿಮೆಯ ಸಂಜೆ ಸೂರ್ಯ ಹಿಂದೆ ಮುಳುಗುವ ಹೊತ್ತಿಗೇ ಎದುರಿನ ನೀರಿನಿಂದ ಚಂದ್ರ ಏಳುತ್ತಾನೆ.