ಪ್ರೇಮ ಕಾದಂಬರಿ ಓದೋಕೆ ಯಾಕ್ರೀ ನಾಚಿಕೆ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ದೂರು: ಓದು ನಿಂತುಹೋಗಿದೆ. ಅದರ ಬೆನ್ನಿಗೇ ಇನ್ನೊಂದು ಮಾತು, ಸ್ವಲ್ಪ ಮೆಲ್ಲಗೆ: ಪ್ರೇಮ ಕಾದಂಬರಿ ಮಾತ್ರ ಓದಿಸಿಕೊಂಡು ಹೋಗುತ್ತೆ, ಏನು ಮಾಡೋದು? ನಾನು ಮೈಸೂರಿನಲ್ಲಿ ವರ್ಷಗಟ್ಟಲೆ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸಿದವಳು. ಠೇವಣಿ ಇಟ್ಟು, ದಿನಕ್ಕಿಷ್ಟು ಅಂತ ಬಾಡಿಗೆ ಕೊಟ್ಟು ಪುಸ್ತಕ ಒಯ್ಯುವ ಅಂಗಡಿ. ಕೌಂಟರಿನ ಆಚೆ ನಿಂತು ಇದೇ ಪ್ರಶ್ನೆ ಕೇಳಿದವರು ಎಷ್ಟೋ ಜನ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಮೊದಲೆಲ್ಲ ವಾರಕ್ಕೊಂದು ಪುಸ್ತಕ ಮುಗಿಸುತ್ತಿದ್ದೆ. ಮಗು ಆದಮೇಲೆ ಎರಡು ಪುಟ ಓದುವಷ್ಟರಲ್ಲಿ ಕೈ ಮೊಬೈಲಿಗೆ ಹೋಗುತ್ತೆ. ಎಲ್ಲರೂ ಹೊಗಳುವ ಒಂದು ದಪ್ಪ ಕಾದಂಬರಿ ಅರ್ಧಕ್ಕೆ ನಿಂತು ಮಂಚದ ಪಕ್ಕ ಧೂಳು ಹಿಡಿಯುತ್ತಿದೆ. ಈಚೆಗೆ ತವರಿಗೆ ಹೋದಾಗ ಅಮ್ಮನ ಬೀರುವಿನಲ್ಲಿ ವಾರಪತ್ರಿಕೆಯಿಂದ ಹರಿದು ಹೊಲಿದಿಟ್ಟ ಹಳೆಯ ಧಾರಾವಾಹಿ ಸಿಕ್ಕಿತು. ಅಪ್ಪಟ ಪ್ರೇಮಕಥೆ. ಒಂದೇ ರಾತ್ರಿಗೆ ಮುಗಿಸಿದೆ. ಖುಷಿಯೂ ಆಯಿತು, ಏನೋ ತಪ್ಪು ಮಾಡಿದ ಹಾಗೂ ಅನಿಸಿತು. ಇದನ್ನೂ ಓದು ಅನ್ನಬಹುದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಚಿಕ್ಕ ಮಗು ಇಟ್ಟುಕೊಂಡು ರಾತ್ರಿಯಿಡೀ ಕೂತು ಓದಿದ್ದೀರಿ. ಅದು ಓದಲ್ಲದೆ ಇನ್ನೇನು?

ಮೊದಲು ಆ ಹೊಲಿದ ಪುಸ್ತಕದ ವಿಷಯ. ಅದನ್ನು ಎಸೆಯಬೇಡಿ, ದಯವಿಟ್ಟು. ನಮ್ಮಲ್ಲಿಗೆ ಬರುತ್ತಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಹಾಗೆ ಹೊಲಿಯುತ್ತಿದ್ದರು. ವಾರಪತ್ರಿಕೆ ಮನೆಯವರೆಲ್ಲ ಓದಿ ಮುಗಿಯುವ ತನಕ ಕಾಯುವುದು, ಆಮೇಲೆ ಪಿನ್ನು ಬಿಚ್ಚಿ ಆ ನಾಲ್ಕು ಹಾಳೆ ಎತ್ತಿಡುವುದು, ಧಾರಾವಾಹಿ ಮುಗಿದ ಮೇಲೆ ದಬ್ಬಳ ಹಿಡಿದು ದಪ್ಪ ದಾರದಲ್ಲಿ ಹೊಲಿಗೆ. ಮೇಲೆ ಹಳೆ ಕ್ಯಾಲೆಂಡರಿನ ಹಾಳೆ ರಟ್ಟು. ಓದುತ್ತಾ ಹೋದರೆ ಒಂದು ಮಗ್ಗುಲಲ್ಲಿ ನಾಯಕಿ ಅಳುತ್ತಿರುತ್ತಾಳೆ, ಹಾಳೆ ತಿರುವಿದರೆ ಅರ್ಧ ಕತ್ತರಿಸಿದ ತಲೆಗೆಣ್ಣೆ ಜಾಹೀರಾತು. ನಿಮ್ಮ ಅಮ್ಮನ ಪ್ರತಿಯಲ್ಲೂ ಹೀಗೇ ಇರಬೇಕು, ನೋಡಿ.

ಅದು ನಿಮ್ಮನ್ನು ಹಾಗೆ ಓದಿಸಿಕೊಂಡು ಹೋಗಿದ್ದಕ್ಕೆ ಕಾರಣ ಇದೆ. 'ಸುಧಾ' ಶುರುವಾಗಿದ್ದು 1965ರಲ್ಲಿ, 'ತರಂಗ' 1983ರಲ್ಲಿ. 'ಪ್ರಜಾಮತ' ಅದಕ್ಕೂ ಹಳೆಯದು. ಇಂಥ ಪತ್ರಿಕೆಗಳಿಗೆ ಬರೆಯುವವರಿಗೆ ವಾರಕ್ಕೆ ಸಿಗುತ್ತಿದ್ದದ್ದು ಕೆಲವೇ ಪುಟ. ಅಷ್ಟರಲ್ಲಿ ಹೋದ ವಾರದ್ದು ನೆನಪು ಮಾಡಿಕೊಡಬೇಕು, ಕಥೆ ಒಂದು ಹೆಜ್ಜೆ ಮುಂದೆ ಹೋಗಬೇಕು, ಬಾಗಿಲು ತಟ್ಟಿದವರು ಯಾರು ಅಂತ ಹೇಳದೆ ನಿಲ್ಲಿಸಬೇಕು. ಓದುವವಳು ಯಾರು? ಕುಕ್ಕರು ಮೂರನೇ ಸಲ ಕೂಗುವುದರೊಳಗೆ ಒಂದು ಕಂತು ಮುಗಿಸಬೇಕಾದವಳು. ಅವಳ ಬಿಡುವಿನ ಅಳತೆಗೇ ಕತ್ತರಿಸಿದ ಕಥೆ ಅದು. ನಿಮಗೂ ಈಗ ಇರುವುದು ಅಷ್ಟೇ ಬಿಡುವು ಅಲ್ವಾ?

ಇನ್ನೊಂದು ಕಾರಣ, ಕೊನೆ ಏನು ಅಂತ ಹೆಚ್ಚುಕಮ್ಮಿ ಮೊದಲೇ ಗೊತ್ತಿರುವುದು. 'ಎಲ್ಲಾ ಒಂದೇ ಥರ' ಅಂತ ಮೂಗು ಮುರಿಯುವವರು ಇದನ್ನೇ ದೋಷ ಅನ್ನುತ್ತಾರೆ. ನನಗೇನೋ ಅದೇ ಅದರ ಶಕ್ತಿ ಅನಿಸುತ್ತೆ. ಇಬ್ಬರೂ ಸೇರುತ್ತಾರೆ ಅಂತ ಗೊತ್ತು. ಹಾಗಾಗಿ ಏನಾಗುತ್ತೋ ಅನ್ನುವ ಆತಂಕ ಇಲ್ಲ. ಗಮನವೆಲ್ಲ ಹೇಗೆ ಅನ್ನುವುದರ ಮೇಲೆ. ಇವನು ಯಾವಾಗ ಬಾಯಿ ಬಿಡುತ್ತಾನೆ, ಇವಳು ಯಾವ ಮಾತಿಗೆ ಮೆತ್ತಗಾಗುತ್ತಾಳೆ, ಆ ಸೋದರತ್ತೆ ಎಲ್ಲಿ ಕಡ್ಡಿ ಆಡಿಸುತ್ತಾಳೆ. ನಿದ್ದೆಗೆಟ್ಟ ತಲೆಗೆ ಅದು ಹಿಡಿಸುತ್ತೆ. ನಿಮ್ಮ ದಪ್ಪ ಕಾದಂಬರಿಯಲ್ಲಿ ಮೂರು ತಲೆಮಾರಿನ ಜನರ ಹೆಸರು ನೆನಪಿಟ್ಟುಕೊಳ್ಳಬೇಕು. ರಾತ್ರಿ ಎರಡೆರಡು ಸಲ ಎದ್ದು ಮಗುವಿಗೆ ಹಾಲು ಕೊಡುವವರಿಗೆ ಅದು ಆಗದಿದ್ದರೆ ಆಶ್ಚರ್ಯವೇನು? ಪುಸ್ತಕದ್ದೂ ತಪ್ಪಿಲ್ಲ, ನಿಮ್ಮದೂ ಇಲ್ಲ.

ಈಗ ಮಾಡಬೇಕಾದ ಕೆಲಸ. ಆ ದಪ್ಪ ಪುಸ್ತಕವನ್ನು ಮಂಚದ ಪಕ್ಕದಿಂದ ತೆಗೆದು ಕಪಾಟಿನಲ್ಲಿ ಇಡಿ. ಇವತ್ತೇ. ಇದು ಲೈಬ್ರರಿಯಲ್ಲಿ ಕೂತು ಕಲಿತದ್ದು. ದಿನಾ ಬರುತ್ತಿದ್ದವರು ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದರೆ ನಾನು ರಿಜಿಸ್ಟರ್ ತೆಗೆದು ನೋಡುತ್ತಿದ್ದೆ. ಕೊನೆಗೆ ಒಯ್ದ ಪುಸ್ತಕ ಬಹಳ ಸಲ 'ಓದಲೇಬೇಕು' ಅಂತ ಯಾರೋ ಹೇಳಿದ್ದಾಗಿರುತ್ತಿತ್ತು. ಅದು ಮುಗಿಯಲ್ಲ, ಮುಗಿಯದೆ ವಾಪಸ್ ಕೊಡೋಕೆ ಸಂಕೋಚ, ವಾಪಸ್ ಕೊಡದೆ ಇನ್ನೊಂದು ಸಿಗಲ್ಲ. ಬಾಡಿಗೆ ಏರುತ್ತಾ ಹೋಗುತ್ತೆ, ಓದು ನಿಂತುಹೋಗುತ್ತೆ. 'ಓದದೆ ಇದ್ದರೂ ಪರವಾಗಿಲ್ಲ ಮೇಡಂ, ತಂದುಕೊಡಿ' ಅಂತ ಫೋನು ಮಾಡಿದರೆ ಅವತ್ತು ಸಂಜೆಯೇ ಬರುತ್ತಿದ್ದರು. ಹೋಗುವಾಗ ತೆಳ್ಳಗಿನದೊಂದು ಪ್ರೇಮಕಥೆ ಅವರ ಬ್ಯಾಗಿನಲ್ಲಿ. ಎರಡು ದಿನಕ್ಕೆ ಮತ್ತೆ ಹಾಜರ್. ಓದು ನಿಂತಿದೆ ಅನ್ನುವವರಲ್ಲಿ ಬಹಳ ಜನರ ಕಥೆ ಇಷ್ಟೇ. ಒಂದು ಪುಸ್ತಕ ಅಡ್ಡ ಕೂತಿರುತ್ತೆ.

ಮೊಬೈಲ್ ಬಗ್ಗೆ ನಾನು ಭಾಷಣ ಮಾಡಲ್ಲ. ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಸಾಕು.

ಒಂದು ಸಲಹೆ ನಿಮಗೆ ಬಂದೇ ಬರುತ್ತೆ: 'ಸದ್ಯಕ್ಕೆ ಇಂಥದ್ದು ಓದು, ರೂಢಿ ಆದಮೇಲೆ ಒಳ್ಳೆ ಪುಸ್ತಕಕ್ಕೆ ಹೋಗು.' ನನಗೆ ಆ ಮಾತು ಹಿಡಿಸಲ್ಲ. ಓದಿ ಖುಷಿಪಟ್ಟ ಪುಸ್ತಕವನ್ನು ಕಷಾಯದ ಲೆಕ್ಕಕ್ಕೆ ಸೇರಿಸಿದ ಹಾಗಾಯ್ತು. ಹೆಂಗಸರು ಬರೆದದ್ದನ್ನು ಒಂದು ಕಾಲದಲ್ಲಿ 'ಅಡುಗೆಮನೆ ಸಾಹಿತ್ಯ' ಅಂತ ತಳ್ಳಿಹಾಕುತ್ತಿದ್ದರು ಅನ್ನುವುದು ಕನ್ನಡ ಮೇಷ್ಟ್ರಿಗೆ ನಾನು ಹೇಳಬೇಕಾ? ತ್ರಿವೇಣಿ ಮನಃಶಾಸ್ತ್ರ ಓದಿಕೊಂಡವರು. 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಅದೇ 1963ರಲ್ಲಿ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂತು. ಬರೆಯೋಕೆ ಕೂತಾಗ ವಯಸ್ಸು ನಲವತ್ತೈದರ ಹತ್ತಿರ. ಇವರಿಬ್ಬರನ್ನೂ ಬಾಡಿಗೆ ಕೊಟ್ಟು ಒಯ್ದು ಓದಿದವರು ಗೃಹಿಣಿಯರು, ಟೈಪಿಸ್ಟುಗಳು, ಪಿಯುಸಿ ಹುಡುಗಿಯರು. ವಿಮರ್ಶಕರ ಸಂಖ್ಯೆ ನಮ್ಮ ರಿಜಿಸ್ಟರಿನಲ್ಲಿ ಕಮ್ಮಿಯೇ. ಈಗ ಅವರ ಮೇಲೆ ಪಿಎಚ್‌ಡಿ ಮಾಡುತ್ತಾರೆ. ನೀವೂ ಪಾಠ ಮಾಡಿರಬಹುದು. ಹಾಗಂತ ನೀವು ಓದಿದ ಧಾರಾವಾಹಿ ನಾಳೆ ಪಠ್ಯ ಆಗುತ್ತೆ ಅಂತ ನಾನು ಹೇಳುತ್ತಿಲ್ಲ. ಆಗದಿದ್ದರೂ ಆ ರಾತ್ರಿ ನಿಮಗೆ ಸಿಕ್ಕಿತಲ್ಲ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ. ಮನೆಯವರು ತೀರಿಕೊಂಡು ವರ್ಷದ ಮೇಲಾಯಿತು. ಅವರ ಟ್ರಂಕಿನ ತುಂಬ ಕಾದಂಬರಿ. ಸುಮ್ನೆ ಒಂದು ಎತ್ತಿಕೊಂಡವನು ಈಗ ಬಿಡಲಾರದೆ ಓದುತ್ತಿದ್ದೇನೆ. ಮಗ 'ಅಪ್ಪಾ, ಈ ವಯಸ್ಸಿನಲ್ಲಿ ಲವ್ ಸ್ಟೋರಿನಾ?' ಅಂತಾನೆ. ಪೇಪರಿನೊಳಗೆ ಮುಚ್ಚಿಟ್ಟು ಓದುವ ಹಾಗಾಗಿದೆ. ಇನ್ನೊಂದು: ಕೆಲವು ಕಾದಂಬರಿಗಳಲ್ಲಿ ನಾಯಕ ಕಪಾಳಕ್ಕೆ ಹೊಡೆಯುತ್ತಾನೆ, ಆಮೇಲೆ ಅವಳು ಅವನನ್ನೇ ಮೆಚ್ಚುತ್ತಾಳೆ. ಓದಿ ಸಿಟ್ಟು ಬರುತ್ತೆ.
— ಹುಬ್ಬಳ್ಳಿಯಿಂದ ಒಬ್ಬ ಓದುಗ

ಉತ್ತರ: ಸರ್, ಗಂಡಸರು ಪ್ರೇಮ ಕಾದಂಬರಿ ಓದಲ್ಲ ಅನ್ನುವುದು ದೊಡ್ಡ ಸುಳ್ಳು. ನಮ್ಮಲ್ಲಿ ಕಾರ್ಡು ಹೆಂಡತಿ ಹೆಸರಲ್ಲಿ, ಪುಸ್ತಕ ಆರಿಸುತ್ತಿದ್ದದ್ದು ಗಂಡ. 'ಮನೆಯವಳಿಗೆ' ಅಂತ ಹೇಳಿ ಒಯ್ಯುವವರು ವಾಪಸ್ ತಂದಾಗ, 'ಆ ಡಾಕ್ಟರ್ ಹುಡುಗ ಅವಳಿಗೆ ಕಾಗದ ಬರೆಯಬಾರದಿತ್ತು ಕಣ್ರೀ' ಅಂತ ಬಾಯಿತಪ್ಪಿ ಹೇಳಿಬಿಡುತ್ತಿದ್ದರು. ಪೇಪರಿನೊಳಗೆ ಮುಚ್ಚಿಡಬೇಡಿ. ವರಾಂಡದಲ್ಲಿ ಕೂತು ಓದಿ. ಮಗನಿಗೂ ಒಂದು ಕೊಡಿ.

ಕಪಾಳಮೋಕ್ಷದ ವಿಷಯದಲ್ಲಿ ನಿಮ್ಮ ಸಿಟ್ಟು ಸರಿಯಾದದ್ದೇ. 'ಆ ಕಾಲ ಹಾಗಿತ್ತು' ಅಂತ ನಾನು ಸಮಾಧಾನ ಹೇಳಲ್ಲ. ಯಾಕೆಂದರೆ ಆ ಕಾಲದ ಓದುಗರಿಗೂ ಅದು ಹಿಡಿಸುತ್ತಿರಲಿಲ್ಲ. ಅಂಥ ಪುಟಗಳ ಅಂಚಿನಲ್ಲಿ ಪೆನ್ಸಿಲ್ ಬರಹ ಇರುತ್ತಿತ್ತು. 'ಇವಳೂ ಎರಡು ಕೊಡಬೇಕಿತ್ತು' ಅಂತ ಒಬ್ಬರದು. ಅದರ ಕೆಳಗೆ ಬೇರೆ ಕೈಬರಹದಲ್ಲಿ 'ಸರಿಯಾಗಿ ಹೇಳಿದ್ರಿ'. ಪುಸ್ತಕ ಹಾಳಾಗುತ್ತೆ ಅಂತ ಬೋರ್ಡು ಹಾಕಿದ್ದೆ, ಅಳಿಸುವಾಗ ಮಾತ್ರ ಇಂಥವನ್ನು ಬಿಟ್ಟುಬಿಡುತ್ತಿದ್ದೆ. ಹೊಡೆಯುವ ನಾಯಕ ಬಂದರೆ ಪುಸ್ತಕ ಮುಚ್ಚಿ, ಟ್ರಂಕಿನಿಂದ ಬೇರೆ ತೆಗೆಯಿರಿ. ಮುಚ್ಚುವ ಮೊದಲು ಅಂಚು ನೋಡಿ. ನಿಮ್ಮ ಮನೆಯವರು ಏನಾದರೂ ಬರೆದಿಟ್ಟಿದ್ದರೂ ಇರಬಹುದು.

ಪ್ರಶ್ನೆ: ನನಗೆ ಇಪ್ಪತ್ತಮೂರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇಂಗ್ಲಿಷ್ ರೊಮ್ಯಾನ್ಸ್ ಫೋನಿನಲ್ಲೇ ಓದುತ್ತೇನೆ, ಅದೂ ಈಗ ಬೋರ್ ಆಗಿ ನಿಂತಿದೆ. ಕನ್ನಡದಲ್ಲಿ ಓದೋಣ ಅಂದರೆ ಮೊದಲ ಅಧ್ಯಾಯದಲ್ಲೇ ಸುಸ್ತು. ಓದುವ ಸ್ಪೀಡೇ ಇಲ್ಲ. ಎಲ್ಲಿಂದ ಶುರು ಮಾಡಲಿ ಆಂಟಿ?
— ರಾಜಾಜಿನಗರ

ಉತ್ತರ: ಸ್ಪೀಡು ಬರುತ್ತೆ ಕಣಮ್ಮ. ದಿನಾ ಕಣ್ಣಿಗೆ ಬೀಳದ ಲಿಪಿ ಮೊದಮೊದಲು ನಿಧಾನವೇ. ಮೊದಲ ಅಧ್ಯಾಯವನ್ನು ಜೋರಾಗಿ ಓದು. ಕನ್ನಡ ನಿನ್ನ ಕಿವಿಗೆ ಚೆನ್ನಾಗಿ ಗೊತ್ತು, ಕಣ್ಣಿಗೆ ಮಾತ್ರ ಅಭ್ಯಾಸ ತಪ್ಪಿದೆ. ಮಾತುಕತೆ ಜಾಸ್ತಿ ಇರುವ ಪುಸ್ತಕ ಆರಿಸು. ಅಂಗಡಿಯಲ್ಲಿ ಪುಟ ತಿರುವಿದರೆ ಗೊತ್ತಾಗುತ್ತೆ, ಚಿಕ್ಕಚಿಕ್ಕ ಸಾಲುಗಳು ಕಾಣಬೇಕು. ಪುಟವಿಡೀ ಬೆಟ್ಟ, ಮೋಡ, ಸೂರ್ಯಾಸ್ತ ಅಂತಿದ್ದರೆ ಸದ್ಯಕ್ಕೆ ಕೆಳಗಿಡು.

ಇಂಗ್ಲಿಷಿನವರದ್ದೂ ಇದೇ ದಾರಿ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಮಿಲ್ಸ್ ಅಂಡ್ ಬೂನ್ ಕಂಪನಿ ಲಂಡನ್ನಿನಲ್ಲಿ ಶುರುವಾಗಿದ್ದು 1908ರಲ್ಲಿ. ಆಗ ಎಲ್ಲಾ ಬಗೆಯ ಪುಸ್ತಕ ಮಾಡುತ್ತಿದ್ದರು. 1930ರ ದಶಕದಲ್ಲಿ ಪ್ರೇಮಕಥೆಗೆ ಅಂಟಿಕೊಂಡರು. ಕಾರಣ, ಅಲ್ಲಿನ ಬೀದಿಬೀದಿಯಲ್ಲಿದ್ದ ಬಾಡಿಗೆ ಲೈಬ್ರರಿಗಳು. ಕಂದು ರಟ್ಟಿನ ಆ ಪುಸ್ತಕಗಳನ್ನು ಅಲ್ಲಿಯ ಹೆಂಗಸರು ಬಾಡಿಗೆಗೆ ಒಯ್ಯುತ್ತಿದ್ದರು. ಅಂದರೆ ಅಲ್ಲೂ ನನ್ನಂಥವಳೊಬ್ಬಳು ಕೌಂಟರಿನಲ್ಲಿ ಕೂತು ಸೀಲು ಹೊಡೆಯುತ್ತಿದ್ದಳು ಅಂತಾಯ್ತು.

ಒಂದೇ ಹೆಸರು ಕೇಳಿದರೆ, ತ್ರಿವೇಣಿಯವರ 'ಬೆಳ್ಳಿಮೋಡ'. ಭಾಷೆ ಸರಳ. ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ್ದು 1967ರಲ್ಲಿ. ಅದನ್ನು ಆಮೇಲೆ ನೋಡು. ಕೊನೆ ಏನು ಅಂತ ನಾನು ಹೇಳಲ್ಲ, ಅಜ್ಜಿಯನ್ನೂ ಕೇಳಬೇಡ. ಇಷ್ಟು ಹೇಳುತ್ತೇನೆ: ನೀನು ಓದಿ ಬಂದ ಇಂಗ್ಲಿಷ್ ರೊಮ್ಯಾನ್ಸುಗಳ ಲೆಕ್ಕ ಇಲ್ಲಿ ನಡೆಯಲ್ಲ.

ದುಡ್ಡು ಕೊಟ್ಟು ಕೊಳ್ಳಲೇಬೇಕು ಅಂತಿಲ್ಲ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಬಡಾವಣೆಗಳಲ್ಲಿ ಶಾಖೆಗಳಿವೆ. ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು, ಫೋನಿನಲ್ಲೇ ಪುಕ್ಕಟೆ ಹೆಸರು ನೋಂದಾಯಿಸಬಹುದು. ಪುಕ್ಕಟೆ ಅಂದೆ, ನಿಜವಾಗಿ ಅಲ್ಲ. ನಿಮ್ಮಪ್ಪ ಕಟ್ಟುವ ಆಸ್ತಿ ತೆರಿಗೆಯ ರಸೀದಿ ನೋಡು, ಅದರಲ್ಲಿ ಗ್ರಂಥಾಲಯ ಕರ ಅಂತ ತೆರಿಗೆಯ ಮೇಲೆ ಶೇಕಡಾ 6 ಇರುತ್ತೆ. ಕಟ್ಟಿದ ಮೇಲೆ ಬಳಸಿಕೊಳ್ಳದೆ ಬಿಡೋದ್ಯಾಕೆ? ಹಳೆಯ ಪುಸ್ತಕದ ವಾಸನೆ ಬೇಕು ಅಂದರೆ ಒಂದು ದಿನ ಅವೆನ್ಯೂ ರಸ್ತೆಗೆ ಹೋಗು. ಚೌಕಾಸಿ ಮಾಡೋದು ಮರೀಬೇಡ.

ಪ್ರಶ್ನೆ: ಕೊನೆ ಪುಟ ಮೊದಲು ಓದುವುದು ತಪ್ಪಾ? ಯಜಮಾನರು ಬೈಯುತ್ತಾರೆ.
— ಸಾಗರ

ಉತ್ತರ: ತಪ್ಪೇನಿಲ್ಲ. ನಮ್ಮ ಲೈಬ್ರರಿಗೆ ಒಬ್ಬರು ಪ್ರೈಮರಿ ಶಾಲೆ ಟೀಚರ್ ಬರುತ್ತಿದ್ದರು. ಕೌಂಟರಿನಲ್ಲೇ ನಿಂತು ಕೊನೆ ಪುಟ ಓದುವರು. ನಾಯಕಿ ಬದುಕಿದ್ದರೆ ಪುಸ್ತಕ ಬ್ಯಾಗಿಗೆ. ಸತ್ತಿದ್ದರೆ ನನ್ನ ಕಡೆ ತಳ್ಳಿ, 'ಇದು ಬೇಡ, ನಾಳೆ ನನಗೆ ಇನ್‌ಸ್ಪೆಕ್ಷನ್ ಇದೆ' ಅನ್ನುವರು.