ಬಿಟ್ಟ ಹೊಲ ತಾನಾಗಿ ಕಾಡಾಗುವುದೇ?

ಪ್ರಶ್ನೆ: ಉಷ್ಣವಲಯದಲ್ಲಿ ಸಾಗುವಳಿ ನಿಲ್ಲಿಸಿದ ಜಮೀನನ್ನು ಹಾಗೆಯೇ ಬಿಟ್ಟರೆ ಹಿಂದಿನ ಕಾಡು ಮರಳುತ್ತದೆಯೇ, ಅಥವಾ ಸಸಿ ನೆಡಲೇಬೇಕೇ?

ಉತ್ತರ: ಬಹಳಷ್ಟು ಕಡೆ ಕಾಡು ತಾನಾಗಿ ಮರಳುತ್ತದೆ. ಆದರೆ ಎಂಥ ಕಾಡು, ಎಷ್ಟು ಬೇಗ ಎಂಬುದು ಆ ನೆಲವನ್ನು ಹಿಂದೆ ಹೇಗೆ ಬಳಸಲಾಗಿತ್ತು, ಸಮೀಪದಲ್ಲಿ ಹಳೆಯ ಕಾಡು ಉಳಿದಿದೆಯೇ ಎಂಬುದನ್ನು ಅವಲಂಬಿಸಿದೆ. ಬ್ರೆಜಿಲ್‌ನ ಮನೌಸ್ ಬಳಿ ಇದು ಸ್ಪಷ್ಟವಾಗಿ ಕಂಡಿದೆ. ಅಲ್ಲಿ ಮರ ಕಡಿದು ಹಾಗೆಯೇ ಬಿಟ್ಟ ನೆಲದಲ್ಲಿ ಸೆಕ್ರೋಪಿಯ ಮರಗಳು ಎದ್ದು, ಅವುಗಳ ನೆರಳಿನಲ್ಲಿ ಬಗೆಬಗೆಯ ಸಸ್ಯಗಳು ಬೇರೂರಿದವು. ಹುಲ್ಲುಗಾವಲು ಮಾಡಿ ಪದೇಪದೇ ಸುಟ್ಟ ನೆಲವನ್ನಾದರೋ, ಸುಟ್ಟರೂ ಬೇರಿನಿಂದ ಮರುಚಿಗುರುವ ವಿಸ್ಮಿಯ ಗಿಡಗಳೇ ಆಕ್ರಮಿಸಿಕೊಂಡು, ಬೇರೆ ಜಾತಿಗಳಿಗೆ ಬಹುಕಾಲ ಎಡೆಗೊಡಲಿಲ್ಲ.

ಮಣ್ಣಿನಲ್ಲಿ ಹುದುಗಿದ ಬೀಜ, ಜೀವವಿರುವ ಬೊಡ್ಡೆ, ಹಕ್ಕಿ ಮತ್ತು ಬಾವಲಿಗಳ ಹಿಕ್ಕೆ, ಇವೇ ಮರುಹುಟ್ಟಿನ ಮೂಲಗಳು. ಆದ್ದರಿಂದ ಹೊಲದ ನಡುವೆ ಉಳಿದ ಒಂಟಿ ಮರವನ್ನು ಎಂದಿಗೂ ಕಡಿಯಬಾರದು. ಹಕ್ಕಿಗಳು ಕೂರುವ ಆ ಮರದ ಕೆಳಗೇ ಹೊಸ ಸಸಿಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.

ದೊಡ್ಡ ಅಡ್ಡಿ ಹುಲ್ಲು ಮತ್ತು ಬೆಂಕಿ. ದಟ್ಟ ಹುಲ್ಲಿನಲ್ಲಿ ಬಿದ್ದ ಬೀಜ ಬೇರೂರುವುದು ಕಷ್ಟ, ಬೇರೂರಿದ ಎಳೆಸಸಿಯೂ ಬೇಸಿಗೆಯ ಬೆಂಕಿಗೆ ಸಾಯುತ್ತದೆ, ಹುಲ್ಲು ಮಾತ್ರ ಮತ್ತೆ ಚಿಗುರುತ್ತದೆ. ಕೋಸ್ಟರೀಕದ ಗ್ವಾನಕಾಸ್ಟೆಯಲ್ಲಿ 1980ರ ದಶಕದಿಂದ ಬೆಂಕಿಯನ್ನು ತಡೆದದ್ದೇ ಒಣಕಾಡು ಮರಳಲು ಮುಖ್ಯ ಕಾರಣವಾಯಿತು. ಬೆಂಕಿಗೆ ಮೇವಾಗುವ ಆಫ್ರಿಕ ಮೂಲದ ಹುಲ್ಲನ್ನು ತಗ್ಗಿಸಲು ಆರಂಭದಲ್ಲಿ ದನಗಳನ್ನೇ ಮೇಯಿಸಿದ್ದರು. ಹಾಗಾಗಿ ಮೊದಲು ಬೆಂಕಿ ತಡೆದು, ಕೆಲವು ಮಳೆಗಾಲ ಕಾದು ನೋಡಿ, ಹುಲ್ಲು ಜಗ್ಗದ ಕಡೆ ಮಾತ್ರ ಸಸಿ ನೆಡುವುದು ಸೂಕ್ತವೆಂದು ನನ್ನ ಅಭಿಪ್ರಾಯ.

ಕಾಲದ ಅಂದಾಜಿಗೆ, ಉಷ್ಣವಲಯದ 77 ತಾಣಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆರವಾಗುತ್ತದೆ. ಅದರಂತೆ ಮಣ್ಣು 10 ವರ್ಷದೊಳಗೆ ಹಳೆಯ ಕಾಡಿನ ಮಟ್ಟವನ್ನು ಬಹುತೇಕ ಮುಟ್ಟುತ್ತದೆ. ಜಾತಿಗಳ ಸಂಖ್ಯೆಗೆ ಹಲವು ದಶಕಗಳು ಬೇಕು. ಮೊದಲಿದ್ದ ಜಾತಿಗಳೇ ಮೊದಲಿದ್ದ ಪ್ರಮಾಣದಲ್ಲಿ ನೆಲೆಗೊಳ್ಳಲು 120 ವರ್ಷವೂ ಸಾಲದು.

ಅಷ್ಟು ಕಾಲ ನೆಲವನ್ನು ಬಿಡುತ್ತೇವೆಯೇ ಎಂಬುದು ನನ್ನನ್ನು ಕಾಡುವ ಚಿಂತೆ. ದಕ್ಷಿಣ ಕೋಸ್ಟರೀಕದ ಒಂದು ಪ್ರದೇಶದಲ್ಲಿ ಹೀಗೆ ಮರುಹುಟ್ಟಿದ ಕಾಡಿನ ಅರ್ಧದಷ್ಟನ್ನು 20 ವರ್ಷದೊಳಗೇ ಮತ್ತೆ ಕಡಿಯಲಾಗಿತ್ತು. ನೋಡುವವರಿಗೆ ಅದು ಕಾಡಲ್ಲ, ಬರೀ ಪೊದೆ. ಆದುದರಿಂದ ನಿಮ್ಮ ಜಮೀನನ್ನು ಬಿಡುವುದಾದರೆ, ಅದು ಪಾಳಲ್ಲ, ಬೆಳೆಯುತ್ತಿರುವ ಕಾಡು ಎಂದು ಬರವಣಿಗೆಯಲ್ಲೇ ದಾಖಲಿಸಿ, ಮುಂದೆ ಅದನ್ನು ನೋಡಿಕೊಳ್ಳುವವರಿಗೂ ಈಗಲೇ ತಿಳಿಸಿಡಿ.